ಹಳೆ ಆಟದ ರೈಲಿನ ಟ್ರಾನ್ಸ್‌ಫಾರ್ಮರಿಗೆ ಹೊಸ ಡಯೋಡ್ ಹಾಕಿದವರು ಇದ್ದೀರಾ?

ನ್ಯೂಜೆರ್ಸಿಯಲ್ಲಿ ಮನೆ ಖಾಲಿ ಮಾಡುತ್ತಿದ್ದ ಹಿರಿಯರೊಬ್ಬರಿಂದ ಲಯನಲ್ ಕಂಪನಿಯ ಜೆಡ್‌ಡಬ್ಲ್ಯೂ ಮಾದರಿಯ ಟ್ರಾನ್ಸ್‌ಫಾರ್ಮರ್ ತಂದಿದ್ದೇನೆ, 275 ವ್ಯಾಟಿನದು. ಆಟದ ರೈಲು ಚೆನ್ನಾಗಿ ಓಡುತ್ತೆ. ಆದರೆ ಸೀಟಿಯ ಹಿಡಿ ತಿರುಗಿಸಿದರೆ ಸೀಟಿ ಕೂಗಲ್ಲ, ಗಾಡಿ ಜೋರಾಗಿ ನುಗ್ಗುತ್ತೆ. ಒಳಗಿನ ರೆಕ್ಟಿಫೈಯರ್ (ಡಯೋಡಿನ ಹಾಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಿಸ್ಕ್) ಬದಲಿಸಿದವರು ದಯವಿಟ್ಟು ತಿಳಿಸಿ.

— ಸರ್, ಗಾಡಿ ನುಗ್ಗುತ್ತೆ ಅಂದಿರಲ್ಲ, ಕಾಯಿಲೆ ಅಲ್ಲೇ ಗೊತ್ತಾಯಿತು. ಈ ಹಳಿಯಲ್ಲಿ ಹರಿಯೋದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಹಿಡಿ ತಿರುಗಿಸಿದಾಗ ರೆಕ್ಟಿಫೈಯರ್ ಅದಕ್ಕೆ ಒಂದಿಷ್ಟು ಡಿಸಿ (ಒಂದೇ ದಿಕ್ಕಿನ ಕರೆಂಟ್) ಬೆರೆಸುತ್ತೆ, ಸೀಟಿಯ ರಿಲೇ, ಅಂದರೆ ಅದನ್ನು ಚಾಲೂ ಮಾಡುವ ಸ್ವಿಚ್, ಆ ಡಿಸಿ ಬಂದಾಗ ಮಾತ್ರ ಎಳೆದುಕೊಳ್ಳುತ್ತೆ. ಅಷ್ಟರಲ್ಲಿ ಗಾಡಿ ನಿಧಾನವಾಗಬಾರದು ಅಂತ ಸುಮಾರು 5 ವೋಲ್ಟಿನ ಇನ್ನೊಂದು ವೈಂಡಿಂಗ್ (ತಂತಿಯ ಸುತ್ತು) ಜೊತೆಗೆ ಸೇರುತ್ತೆ. ರೆಕ್ಟಿಫೈಯರಿನ ಡಿಸ್ಕ್ ಶಾರ್ಟ್ ಆಗಿದ್ದರೆ ಡಿಸಿ ಹುಟ್ಟೋದೇ ಇಲ್ಲ, ಬರೀ ಆ 5 ವೋಲ್ಟ್ ಹೆಚ್ಚಾಗಿ ಗಾಡಿಗೆ ಸಿಗುತ್ತೆ.

ನಾನು ಹಾಕಿದ್ದು 1ಎನ್1184, 35 ಆಂಪಿಯರಿನ ಬೋಲ್ಟ್ ಡಯೋಡ್. 1 ಆಂಪಿಯರಿನ ಪುಟ್ಟ ಡಯೋಡ್ ಖಂಡಿತ ಬೇಡ, ಸೀಟಿ ಕೂಗುವಾಗ ಗಾಡಿ ಎಳೆಯುವ ಕರೆಂಟೂ ಇದರ ಮೂಲಕ ಹೋಗುತ್ತೆ. ಕೊಳ್ಳುವಾಗ ನಂಬರಿನ ಕೊನೆ ಅಕ್ಷರ ನೋಡಿ. ಬರೀ 1184 ಆದರೆ ಬೋಲ್ಟೇ ಕ್ಯಾಥೋಡ್ (ಕರೆಂಟ್ ಹೊರಹೋಗುವ ತುದಿ), ಕೊನೆಗೆ ಆರ್ ಇದ್ದರೆ ಬೋಲ್ಟು ಆನೋಡ್ (ಒಳಬರುವ ತುದಿ). ನಾನು ನೋಡದೆ ಆರ್ ಹಾಕಿಬಿಟ್ಟೆ. ಹಳೆ ಎಂಜಿನ್ನಿನ ಸೀಟಿ ಸರಿಯಾಗೇ ಕೂಗಿತು, ಅದರ ರಿಲೇಗೆ ದಿಕ್ಕು ಯಾವುದಾದರೂ ಒಂದೇ. ಮಗಳ ಹೊಸ ಎಂಜಿನ್ ಮಾತ್ರ ಡಿಸಿಯ ದಿಕ್ಕು ನೋಡುತ್ತೆ, ಹಳಿಗಿಟ್ಟಾಗ ಸೀಟಿ ಬದಲು ಗಂಟೆ ಬಾರಿಸಿತು! ಮತ್ತೆ ಪೂರ್ತಿ ಬಿಚ್ಚಬೇಕಾಯಿತು.

ಹೇಗೂ ಬಿಚ್ಚುತ್ತೀರಿ, ಪ್ಲಗ್ ಕಿತ್ತು ಅದರ ವೈರ್ ಬಗ್ಗಿಸಿ ನೋಡಿ. ನನ್ನದರಲ್ಲಿ ರಬ್ಬರ್ ಹಪ್ಪಳದ ಹಾಗೆ ಪುಡಿಯಾಯಿತು. ಅದನ್ನು ಬದಲಿಸದೆ ಮುಂದೆ ಹೋಗಬೇಡಿ. ವೇಗದ ಹಿಡಿ ತಿರುಗಿಸಿದಾಗ ವೈಂಡಿಂಗ್ ಮೇಲೆ ಉರುಳುವ ಕಾರ್ಬನ್ ರೋಲರ್ ಸವೆದಿದ್ದರೆ ಅದನ್ನೂ ಬದಲಿಸಿ.

— ನನ್ನದು ಬೇರೆ ಬಗೆ, ಇಂಗ್ಲೆಂಡಿನ 12 ವೋಲ್ಟ್ ಡಿಸಿ ಕಂಟ್ರೋಲರ್. ಅದರಲ್ಲಿ ಸೆಲೆನಿಯಂ ಪ್ಲೇಟುಗಳ ಬ್ರಿಡ್ಜ್, ಅಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇತ್ತು. ಒಂದು ಸಂಜೆ ಕೊಳೆತ ಮೂಲಂಗಿಯಂಥ ನಾತ ಬಂತು. ಅಂಥ ನಾತ ಬಂದರೆ ತಕ್ಷಣ ಸ್ವಿಚ್ ಆರಿಸಿ ಕಿಟಕಿ ತೆರೆಯಿರಿ, ಆ ಹೊಗೆ ವಿಷ. ಸಿಲಿಕಾನ್ ಬ್ರಿಡ್ಜ್ ಹಾಕಿದ ಮೇಲೆ ಗಾಡಿ ಮೊದಲಿಗಿಂತ ಜೋರಾಗಿ ಓಡತೊಡಗಿತು. ಹಳೆ ಪ್ಲೇಟುಗಳು ತಿನ್ನುತ್ತಿದ್ದಷ್ಟು ವೋಲ್ಟೇಜನ್ನು ಸಿಲಿಕಾನ್ ತಿನ್ನಲ್ಲ. ಬ್ರಿಡ್ಜಿನಿಂದ ಡಿಸಿ ಹೊರಬರುವ ಕಡೆ ಇನ್ನೆರಡು ಡಯೋಡ್ ಸಾಲಾಗಿ ಹಾಕಿದೆ, ಸುಮಾರು 1.4 ವೋಲ್ಟ್ ಇಳಿಯಿತು, ಗಾಡಿಯ ವೇಗವೂ ಹಿಡಿತಕ್ಕೆ ಬಂತು. ಮೀಟರಿನಲ್ಲಿ ಮೊದಲಿನ ವೋಲ್ಟೇಜ್ ಬರೆದಿಟ್ಟುಕೊಂಡೇ ಹಳೆಯದನ್ನು ಕೀಳಿ.