ಮಾತಾಡದ ತಮ್ಮನ ಟ್ಯಾಬ್ಲೆಟ್‌ನಲ್ಲಿ ಬರೀ 'ಬೇಕು'ಗಳಿವೆ, ಹರಟೆ ಹೇಗೆ?

ತಮ್ಮನ ಅಕ್ಕ:
ನನ್ನ ತಮ್ಮನಿಗೆ 16 ವರ್ಷ. ಆಟಿಸಂ ಇದೆ, ಬಾಯಲ್ಲಿ ಮಾತು ಬರುವುದಿಲ್ಲ. ಚಿತ್ರ ಒತ್ತಿದರೆ ಮಾತಾಡುವ ಆ್ಯಪ್ ಟ್ಯಾಬ್ಲೆಟ್‌ನಲ್ಲಿದೆ. ನೀರು, ಊಟ, ಬಾತ್‌ರೂಮ್, ಹೊರಗೆ ಹೋಗೋಣ, ಇಷ್ಟನ್ನು ಸರಾಗವಾಗಿ ಒತ್ತುತ್ತಾನೆ. ಅದರಿಂದ ಮುಂದಕ್ಕೆ ಹೋಗುತ್ತಿಲ್ಲ. ಮನೆಗೆ ಯಾರೇ ಬರಲಿ, ಟ್ಯಾಬ್ಲೆಟ್ ಅವನ ಮುಂದೆ ಹಿಡಿದು "ಕೆಂಪು ಎಲ್ಲಿದೆ ತೋರಿಸು" ಅಂತಾರೆ. ಅವನು ಅದನ್ನು ತಳ್ಳಿ ರೂಮಿಗೆ ಹೋಗಿಬಿಡುತ್ತಾನೆ. ಅವನಿಗೆ ಜನ ಅಂದರೆ ಆಗಲ್ಲ ಅಂತ ಎಲ್ಲರೂ ತೀರ್ಮಾನ ಮಾಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾನು ಓದುತ್ತಾ ಕೂತಿದ್ದರೆ ತಾನೇ ಬಂದು, ಕಾಲಿಗೆ ಕಾಲು ತಾಗಿಸಿಕೊಂಡು ಕೂರುತ್ತಾನೆ. ಅವನ ಜೊತೆ ಸುಮ್ನೆ ಹರಟೆ ಹೊಡೆಯಲು ಏನು ಮಾಡಬೇಕು? ಇನ್ನೊಂದು, ಟ್ಯಾಬ್ಲೆಟ್ ಕೊಟ್ಟರೆ ಮಾತು ಬರುವುದೇ ಇಲ್ಲ ಅಂತ ಅಜ್ಜಿ ಹೇಳುತ್ತಾರೆ. ನಿಜವಾ?

ಸ್ಪೀಚ್ ಥೆರಪಿಸ್ಟ್:
ಅಜ್ಜಿಯ ಭಯ ತುಂಬಾ ಜನರಿಗಿದೆ. ಅದಕ್ಕೆ ಆಧಾರವಿಲ್ಲ. ಮಿಲ್ಲರ್, ಲೈಟ್ ಮತ್ತು ಶ್ಲೋಸರ್ ಎಂಬ ಸಂಶೋಧಕರು 2006ರಲ್ಲಿ ಇದರ ಬಗೆಗಿನ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಗಟ್ಟಿ ಪುರಾವೆ ಇದ್ದದ್ದು 27 ಜನರದ್ದು. ಚಿತ್ರ, ಸನ್ನೆ, ಯಂತ್ರ ಬಳಸಿದ್ದರಿಂದ ಅವರಲ್ಲಿ ಒಬ್ಬರ ಬಾಯಿಮಾತೂ ಕಡಿಮೆಯಾಗಿರಲಿಲ್ಲ. ಹೆಚ್ಚಿನವರಲ್ಲಿ ಒಂದಿಷ್ಟು ಜಾಸ್ತಿಯೇ ಆಗಿತ್ತು. ಮಾತು ಬರಲಿ, ಬಾರದಿರಲಿ, ಈಗ ಹೇಳಬೇಕಾದದ್ದನ್ನು ಹೇಳಲು ಅವನಿಗೆ ಈಗಲೇ ಒಂದು ದಾರಿ ಬೇಕು.

ಮಗಳ ಅಮ್ಮ:
ನನ್ನ ಮಗಳು ಈಗ ದೊಡ್ಡವಳು. ಇವತ್ತಿಗೂ ಬಾಯಿಮಾತಿಲ್ಲ, ಟ್ಯಾಬ್ಲೆಟ್‌ನಲ್ಲೇ ಮಾತಾಡುತ್ತಾಳೆ. ನಿಮ್ಮ ತಮ್ಮ ಎದ್ದು ಹೋಗುವುದು ಸರಿಯಾದ ಉತ್ತರವೇ. ಬಂದವರಿಗೆಲ್ಲ ಬಣ್ಣ ತೋರಿಸುತ್ತಾ ಕೂರಲು ಯಾವ 16ರ ಹುಡುಗ ಒಪ್ಪುತ್ತಾನೆ? ಅದು ಪರೀಕ್ಷೆ, ಮಾತುಕತೆ ಅಲ್ಲ.

ಮೊದಲು ಆ ಆ್ಯಪ್ ತೆರೆದು ಅದರಲ್ಲಿ ಏನೇನಿದೆ ನೋಡಿ. ಬರೀ ವಸ್ತುಗಳ ಹೆಸರಿದ್ದರೆ, ಬೇಕು ಅಂತ ಕೇಳುವುದನ್ನು ಬಿಟ್ಟು ಅವನು ಇನ್ನೇನು ಹೇಳಲು ಸಾಧ್ಯ? ನಾವು ಆಡುವ ಮಾತಿನಲ್ಲಿ ಶೇ. 80ರಷ್ಟು ಕೆಲವೇ ನೂರು ಪದಗಳ ಸುತ್ತ ತಿರುಗುತ್ತದೆ. ಬೇಡ, ಸಾಕು, ಇನ್ನೂ, ಬೇರೆ, ಅದು, ನೀನು, ಯಾಕೆ, ಇಷ್ಟ, ಹೋಗು. ಇವನ್ನು ಕೋರ್ ಪದಗಳು ಅಂತಾರೆ. ಇವು ಮೊದಲ ಪುಟದಲ್ಲೇ ಇರಲಿ. ಒಮ್ಮೆ ಇಟ್ಟ ಜಾಗವನ್ನು ಬದಲಿಸಬೇಡಿ, ಬೆರಳು ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ.

ಆಮೇಲೆ ಅವನ ವಯಸ್ಸಿನ ಮಾತುಗಳನ್ನು ಸೇರಿಸಿ. "ಬೋರ್ ಆಗ್ತಿದೆ." "ನನ್ನ ಪಾಡಿಗೆ ಬಿಡಿ." "ತಮಾಷೆಗೆ ಹೇಳಿದೆ." "ನಿನಗೆ ಅರ್ಥ ಆಗಲಿಲ್ಲ." "ನನಗೆ ಬೇಕಾದ ಪದ ಇಲ್ಲಿಲ್ಲ." ಕೊನೆಯದು ಇಲ್ಲದಿದ್ದರೆ ಏನು ಬಿಟ್ಟುಹೋಗಿದೆ ಅಂತ ನಿಮಗೆ ಗೊತ್ತಾಗುವುದೇ ಇಲ್ಲ. ಬೈಗುಳವೂ ಒಂದೆರಡು ಇರಲಿ, ಅವನ ಓರಗೆಯವರು ಬೈಯುವುದಿಲ್ಲವಾ? ದೇಹದ ಎಲ್ಲ ಭಾಗಗಳ ಹೆಸರು, "ನೋಯ್ತಿದೆ", "ನನ್ನನ್ನು ಮುಟ್ಟಬೇಡ" ಇವು ಇರಲೇಬೇಕು. ನಾಚಿಕೆಯಿಂದ ಇದನ್ನು ಬಿಡುವ ಮನೆಗಳೇ ಜಾಸ್ತಿ. ದಯವಿಟ್ಟು ಬಿಡಬೇಡಿ. ತನಗೆ ಏನಾಯಿತು ಅಂತ ಹೇಳಲು ಪದವೇ ಇಲ್ಲದ ಹುಡುಗನಿಗೆ ಅಪಾಯ ಹೆಚ್ಚು.

ಇಷ್ಟೆಲ್ಲ ತುಂಬಿಸಿಟ್ಟರೂ ನೀವೇ ಅದರಲ್ಲಿ ಮಾತಾಡದಿದ್ದರೆ ಏನೂ ಪ್ರಯೋಜನವಿಲ್ಲ. ಮಗು ಮೊದಲ ಮಾತು ಆಡುವ ಮುಂಚೆ ಸುಮಾರು ಒಂದು ವರ್ಷ ನಮ್ಮ ಮಾತು ಕೇಳಿಸಿಕೊಂಡಿರುತ್ತದೆ. ಟ್ಯಾಬ್ಲೆಟ್ ಮಾತನ್ನು ನಿಮ್ಮ ತಮ್ಮನ ಎದುರು ಇಲ್ಲಿಯವರೆಗೆ ಯಾರು ಆಡಿದ್ದಾರೆ? ಬಾಯಲ್ಲಿ ಮಾತಾಡುತ್ತಲೇ ಒಂದೆರಡು ಪದ ಒತ್ತಿ. "ಈ ಮಳೆ ಸಾಕಪ್ಪ" ಅನ್ನುವಾಗ 'ಸಾಕು'. ಪುಸ್ತಕ ಚೆನ್ನಾಗಿದ್ದರೆ 'ಇಷ್ಟ'. ಅವನೂ ಒತ್ತಲಿ ಅಂತ ಮುಖ ನೋಡಬೇಡಿ. ಕೈ ಹಿಡಿದು ಒತ್ತಿಸಲೇಬೇಡಿ. ತಿಂಗಳುಗಟ್ಟಲೆ ಏನೂ ಕಾಣಿಸದೇ ಇರಬಹುದು. ನನ್ನ ಮಗಳು ಬೇಡಿಕೆ ಬಿಟ್ಟು ಮೊದಲು ತಾನಾಗಿ ಒತ್ತಿದ್ದು 'ಬೇರೆ'. ನಾನು ಹಾಕಿದ್ದ ಹಾಡು ಅವಳಿಗೆ ಸಾಕಾಗಿತ್ತು! ತಕ್ಷಣ ಬದಲಿಸಿದೆ. ತನ್ನ ಮಾತು ನಡೆಯುತ್ತದೆ ಅಂತ ಗೊತ್ತಾದರೆ ತಾನೇ ಇನ್ನೊಂದು ಮಾತು ಆಡಬೇಕು ಅನ್ನಿಸುವುದು?

ಏನಾದರೂ ಹೇಳಿದ ಮೇಲೆ ಹತ್ತು ಸೆಕೆಂಡಾದರೂ ಸುಮ್ಮನಿರಿ. ಅಷ್ಟರಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಅವನು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅವನಿಗೆ ಎಷ್ಟು ಅರ್ಥವಾಗುತ್ತದೋ ಅನ್ನುವ ಅನುಮಾನ ಬಂದಾಗ, ವಿಶೇಷ ಶಿಕ್ಷಣದ ಸಂಶೋಧಕಿ ಆ್ಯನ್ ಡಾನೆಲನ್ 1984ರಲ್ಲಿ ಹೇಳಿದ್ದು ನನಗೆ ದಾರಿ ತೋರಿಸುತ್ತದೆ: ಯಾವ ಊಹೆ ತಪ್ಪಾದರೂ ಅವನಿಗೆ ಕಡಿಮೆ ಹಾನಿಯೋ ಅದನ್ನೇ ಇಟ್ಟುಕೊಳ್ಳಬೇಕು. ಹಾಗಾಗಿ ಎಲ್ಲವೂ ಅರ್ಥವಾಗುತ್ತದೆ ಅಂತಲೇ ಮಾತಾಡಿ. ಅವನ ಎದುರಲ್ಲೇ ಅವನ ಬಗ್ಗೆ ಇನ್ನೊಬ್ಬರ ಹತ್ತಿರ ಮಾತಾಡಬೇಡಿ.

ಟೈಪ್ ಮಾಡುವವನು:
ನಾನೂ ಆಟಿಸ್ಟಿಕ್. ಗದ್ದಲದಲ್ಲಿ, ಸುಸ್ತಾದಾಗ ನನ್ನ ಮಾತು ನಿಂತೇ ಹೋಗುತ್ತದೆ. ಆಗ ಫೋನಿನಲ್ಲಿ ಟೈಪ್ ಮಾಡುತ್ತೇನೆ. ಯಾವಾಗಲೂ ಮಾತಿಲ್ಲದವರ ಬದುಕೇ ಬೇರೆ, ಅವರ ಪರವಾಗಿ ನಾನು ಮಾತಾಡಲಾರೆ. ಆದರೆ ಕಾಲಿಗೆ ಕಾಲು ತಾಗಿಸಿ ಕೂರುವುದು ಚೆನ್ನಾಗಿ ಗೊತ್ತು. ನೀವು ಕೇಳುತ್ತಿರುವ ಹರಟೆ ಅಲ್ಲಿ ಆಗಲೇ ನಡೆಯುತ್ತಿದೆ ಅಕ್ಕಾ. ಬಂದವರೂ ಎದುರಿಗೆ ಕೂರದೆ ಪಕ್ಕದಲ್ಲಿ ಕೂರಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅನ್ನಬಾರದು. ಅವನು ಮಾಡುತ್ತಿರುವುದನ್ನೇ ತಾವೂ ಸ್ವಲ್ಪ ಹೊತ್ತು ಮಾಡಲಿ. ಒಂದು ಸಲಕ್ಕೆ ಒಬ್ಬರು ಸಾಕು.

ಆಟಿಸ್ಟಿಕ್ ಜನ ಮತ್ತು ಉಳಿದವರ ನಡುವೆ ಅರ್ಥವಾಗದಿರುವುದು ಎರಡೂ ಕಡೆಯಿಂದ ಅಂತ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದರು. ಅವರೂ ಆಟಿಸ್ಟಿಕ್. 2020ರಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಆಟ ಅದು. ಬರೀ ಆಟಿಸ್ಟಿಕ್ ಜನರ ಸಾಲಿನಲ್ಲಿ ಕಥೆ ಉಳಿದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ ಮಾತ್ರ ಜಾಸ್ತಿ ಕಳೆದುಹೋಯಿತು. ಅವರೆಲ್ಲ ಮಾತಾಡುವವರೇ, ನಿಜ. ಆದರೂ ನಿಮ್ಮ ತಮ್ಮನಿಗೆ ಕಲಿಸಲು ಕೂರುವ ಮೊದಲು ಬಂಧುಗಳಿಗೆ ಸ್ವಲ್ಪ ಕಲಿಸಿ.

ತಮ್ಮನ ಅಕ್ಕ:
ಓದುತ್ತಾ ಅತ್ತುಬಿಟ್ಟೆ. ಇವತ್ತೇ 'ಬೋರ್ ಆಗ್ತಿದೆ' ಸೇರಿಸುತ್ತೇನೆ. ಅಕ್ಷರದ ಬೋರ್ಡ್ ಹಿಡಿದು, ಕೈಗೆ ಆಸರೆ ಕೊಟ್ಟು ಬರೆಸುತ್ತೇವೆ ಅಂತ ಒಬ್ಬರು ಹೇಳಿದರು. ಹೋಗಬಹುದಾ?

ಸ್ಪೀಚ್ ಥೆರಪಿಸ್ಟ್:
ಬೇಡ. ಕೈ ಹಿಡಿದು ಬರೆಸುವ ವಿಧಾನವನ್ನು 1990ರ ದಶಕದಲ್ಲಿ ಪರೀಕ್ಷೆ ಮಾಡಿದರು. ಕೈ ಹಿಡಿದವರಿಗೆ ಒಂದು ಚಿತ್ರ, ಬರೆಯುವವರಿಗೆ ಇನ್ನೊಂದು ಚಿತ್ರ ತೋರಿಸಿದರೆ ಬರುತ್ತಿದ್ದದ್ದು ಕೈ ಹಿಡಿದವರು ಕಂಡ ಚಿತ್ರದ ಹೆಸರು. ಹಿಡಿದವರಿಗೇ ಅದರ ಅರಿವು ಇರುತ್ತಿರಲಿಲ್ಲ. ಅಮೆರಿಕದ ಸ್ಪೀಚ್ ಥೆರಪಿಸ್ಟರ ಸಂಘ ಆಶಾ 2018ರಲ್ಲಿ ಇದನ್ನೂ, ಬೋರ್ಡನ್ನು ಇನ್ನೊಬ್ಬರು ಹಿಡಿದು ಬರೆಸುವ ರ‍್ಯಾಪಿಡ್ ಪ್ರಾಂಪ್ಟಿಂಗ್ ವಿಧಾನವನ್ನೂ ಬಳಸಬೇಡಿ ಎಂದಿದೆ. ಅಕ್ಷರ ಕಲಿಸುವುದು ಮಾತ್ರ ಖಂಡಿತ ಬೇಕು. ಕೀಬೋರ್ಡ್ ಮೇಜಿನ ಮೇಲಿರಲಿ, ಬೆರಳು ಅವನದೇ ಆಗಿರಲಿ.

ಮಗಳ ಅಮ್ಮ:
ಒಂದು ಮಾತು ಬಿಟ್ಟುಹೋಯಿತು. ಮೊದಲ ಪುಟವನ್ನು ಹಾಗೇ ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡಿಸಿ. ಬ್ಯಾಟರಿ ಮುಗಿದಾಗ, ಸ್ನಾನದ ಹೊತ್ತಿನಲ್ಲಿ, ಬಿಸಿಲಿಗೆ ಸ್ಕ್ರೀನ್ ಕಾಣದಿದ್ದಾಗ ಅದೇ ಕೆಲಸಕ್ಕೆ ಬರುತ್ತದೆ. ತಪ್ಪು ಮಾಡಿದ ಅಂತ ಟ್ಯಾಬ್ಲೆಟ್ ಕಸಿದುಕೊಳ್ಳುವ ಶಿಕ್ಷೆಯನ್ನು ಮನೆಯಲ್ಲಿ ಯಾರೂ ಕೊಡಬಾರದು. ಅಜ್ಜಿಗೂ ಇದನ್ನು ಹೇಳಿಡಿ.