ಮಡಿಕೇರಿಯಲ್ಲಿ ತರಬೇತಿ ವರದಿಗಾರ್ತಿಯ ದಿನ ಹೇಗಿರುತ್ತದೆ?

ಪತ್ರಿಕೋದ್ಯಮದ ಓದು ಮುಗಿಯಿತು. ಜೂನ್‌ನಿಂದ ಮಡಿಕೇರಿಯ ಕನ್ನಡ ದಿನಪತ್ರಿಕೆಯೊಂದರಲ್ಲಿ ತರಬೇತಿ. ನನ್ನೂರು ಮೈಸೂರಿನ ಕಡೆ, ಕೊಡಗನ್ನು ಪ್ರವಾಸಿಯಾಗಿ ಮಾತ್ರ ನೋಡಿದ್ದೇನೆ. ದಿನ ಹೇಗೆ ಸಾಗುತ್ತದೆ, ಮೊದಲು ಏನು ಕಲಿಯಬೇಕು? ಅನುಭವವಿರುವವರು ತಿಳಿಸಿ.

ಮಡಿಕೇರಿಯ ಹಿರಿಯ ವರದಿಗಾರರೊಬ್ಬರು:
ಜೂನ್‌ನಲ್ಲಿ ಬರುತ್ತೀರಿ ಎಂದಮೇಲೆ ಮಳೆಯೇ ನಿಮ್ಮ ಮೊದಲ ಸುದ್ದಿ. ಕಚೇರಿಗೆ ಹೊರಡುವ ಮುನ್ನವೇ ಭಾಗಮಂಡಲಕ್ಕೆ ಒಂದು ಫೋನ್ ಮಾಡಿ: ತ್ರಿವೇಣಿ ಸಂಗಮದಲ್ಲಿ ನೀರು ಎಲ್ಲಿಗೆ ಬಂದಿದೆ, ನಾಪೋಕ್ಲು ರಸ್ತೆಯಲ್ಲಿ ವಾಹನ ಓಡಾಡುತ್ತಿದೆಯೇ? ಆಮೇಲೆ ಹಾರಂಗಿ. ಜಲಾಶಯದ ಗರಿಷ್ಠ ಮಟ್ಟ 2,859 ಅಡಿ ಎಂಬುದು ಬಾಯಿಪಾಠವಾಗಿರಲಿ, ಆ ದಿನದ ಅಂಕಿಯ ಅರ್ಥ ತಾನಾಗಿ ಹೊಳೆಯುತ್ತದೆ. ಮಳೆಯ ಸರಕಾರಿ ಲೆಕ್ಕ ಮಿಲಿಮೀಟರಿನಲ್ಲಿ ಬರುತ್ತದೆ, ನಮ್ಮ ಓದುಗರ ಮಾತೆಲ್ಲ ಇಂಚಿನಲ್ಲಿ. 254 ಮಿ.ಮೀ. ಎಂದರೆ ಹತ್ತು ಇಂಚು, ಚುಕ್ಕಿ ಅತ್ತಿತ್ತ ಸರಿದು 25.4 ಆದರೆ ಒಂದೇ ಇಂಚು. ತೋಟದಲ್ಲಿ ಮಳೆಮಾಪಕ ಇಟ್ಟುಕೊಂಡು ತಲೆಮಾರುಗಳಿಂದ ಲೆಕ್ಕ ಬರೆದಿಟ್ಟ ಮನೆಗಳು ಇಲ್ಲಿವೆ. ಅವರನ್ನು ದಾಟಿ ತಪ್ಪು ಅಂಕಿ ಹೋಗುವುದಿಲ್ಲ!

ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದ ವಿಡಿಯೊ ಮೊಬೈಲ್‌ಗೆ ಬಂದರೆ ಕೂಡಲೇ ಬರೆಯಲು ಕೂರಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದವು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಆ ಹಳೆಯ ದೃಶ್ಯಗಳನ್ನೇ ಇಂದಿನದೆಂದು ಹರಿಬಿಡುವವರಿಗೆ ಬರವಿಲ್ಲ. ಆ ಊರಿನ ಅಂಗಡಿಯವರನ್ನೋ ಪಂಚಾಯಿತಿ ಸದಸ್ಯರನ್ನೋ ಕೇಳಿ, ಸಾಧ್ಯವಾದರೆ ಹೋಗಿ ನೋಡಿ. ಸಂಜೆಯವರೆಗೆ ಕಾದರೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಚಿತ್ರಗಳನ್ನು ಸಿಗ್ನಲ್ ಸಿಕ್ಕ ಜಾಗದಿಂದಲೇ ಡೆಸ್ಕಿಗೆ (ಸುದ್ದಿ ತಿದ್ದುವ ವಿಭಾಗಕ್ಕೆ) ಕಳುಹಿಸಿಬಿಡಿ.

ವಿರಾಜಪೇಟೆಯಿಂದ ಒಬ್ಬರು:
ನಾನು ಹೇಳುವುದು ಹೆಸರಿನ ವಿಷಯ. ಕೊಡವರಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಒಂದೇ ಊರಿನಲ್ಲಿ ಕಾರ್ಯಪ್ಪಂದಿರು ಹಲವರಿರುತ್ತಾರೆ, ಮನೆತನ ಬಿಟ್ಟು ಬರೆದರೆ ಯಾರೆಂದು ತಿಳಿಯದು. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ನಿಮ್ಮನ್ನು ಕಳುಹಿಸಿದರೆ ಇದರ ಬಿಸಿ ತಟ್ಟುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಈ ಪಂದ್ಯಾವಳಿಯಲ್ಲಿ ತಂಡದ ಹೆಸರೇ ಮನೆತನದ ಹೆಸರು. ಗೋಲು ಹೊಡೆದವರು ಯಾರೆಂದು ಕೇಳುವಾಗಲೇ ಪುಸ್ತಕವನ್ನು ಅವರ ಕೈಗೆ ಕೊಟ್ಟು ಬರೆಸಿಕೊಳ್ಳಿ. ನಾಚಿಕೆ ಬೇಡ, ಯಾರೂ ಬೇಸರಿಸುವುದಿಲ್ಲ.

ಸಿದ್ದಾಪುರದ ಕಡೆಯವರು:
ನಮ್ಮಲ್ಲಿ ಆನೆಯ ಸುದ್ದಿ ದಿನವೂ ಇರುತ್ತದೆ. ತೋಟದಲ್ಲಿ ಆನೆ ಇದೆ ಎಂದರೆ ಬಾಗಿಲಲ್ಲೇ ನಿಲ್ಲಿ, ಅರಣ್ಯ ಇಲಾಖೆಯವರು ಬರಲಿ. ಚಿತ್ರಕ್ಕಾಗಿ ಕಾಫಿ ಗಿಡಗಳ ನಡುವೆ ನುಗ್ಗುವುದು ಶುದ್ಧ ಮೂರ್ಖತನ.

ಇನ್ನೊಂದು ವಿಷಯವನ್ನು ಮೇಲಿನವರು ಹೇಳಲಿಲ್ಲ. ಪೊಲೀಸ್ ಠಾಣೆಯಲ್ಲಿ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣದ ವಿವರ ಸಿಕ್ಕಿದರೆ ಮಗುವಿನ ಹೆಸರನ್ನು ಮಾತ್ರ ಬಿಟ್ಟರೆ ಸಾಲದು. ವಿಳಾಸ, ಶಾಲೆ, ಕುಟುಂಬದ ವಿವರ, ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವಂತಿಲ್ಲ ಎಂದು ಆ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಇಂಥ ತೋಟದ ಲೈನ್‌ಮನೆ (ಕಾರ್ಮಿಕರ ಸಾಲುಮನೆ) ಎಂದು ಬರೆದರೂ ಸಾಕು, ಊರಿಗೆ ಊರೇ ಗುರುತು ಹಿಡಿಯುತ್ತದೆ. ತಾಲ್ಲೂಕಿನ ಹೆಸರಿಗೇ ನಿಲ್ಲಿಸಿ. ಡೆಸ್ಕಿನಿಂದ ಹೆಚ್ಚಿನ ವಿವರ ಕೇಳಿದರೂ ಕೊಡಬೇಡಿ, ಸೆಕ್ಷನ್ ಸಂಖ್ಯೆ ತೋರಿಸಿ.