ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ: ಡಿಸ್ಕ್ ಲೇತ್‌ಗೆ ಕೊಟ್ಟರೂ ಮರುಕಳಿಸುವುದೇಕೆ?

ಪ್ರಶ್ನೆ

ನಮ್ಮ ಸಣ್ಣ ಕಾರಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇದೆ. ಹೆದ್ದಾರಿಯಲ್ಲಿ ಗಂಟೆಗೆ 90–100 ಕಿ.ಮೀ. ವೇಗದಲ್ಲಿರುವಾಗ ಹದವಾಗಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಎಡಬಲಕ್ಕೆ ನಡುಗುತ್ತದೆ. ವೇಗ 50ಕ್ಕಿಂತ ಕೆಳಗಿಳಿದರೆ ನಡುಕ ತಿಳಿಯುವುದಿಲ್ಲ. ಬ್ರೇಕ್ ಬಿಟ್ಟರೆ ಪೂರ್ತಿ ನಿಲ್ಲುತ್ತದೆ. ಗ್ಯಾರೇಜಿನವರು ಡಿಸ್ಕ್ ಬೆಂಡ್ ಆಗಿದೆಯೆಂದು ಅದನ್ನು ಲೋಹ ಕೆತ್ತುವ ಯಂತ್ರವಾದ ಲೇತ್‌ಗೆ ಕೊಟ್ಟು ಸಮ ಮಾಡಿಸಿದರು. ಕೆಲವು ಸಾವಿರ ಕಿ.ಮೀ. ಚೆನ್ನಾಗಿ ಓಡಿದ ಮೇಲೆ ಅದೇ ತೊಂದರೆ ಮರಳಿದೆ. ಹೊಸ ಡಿಸ್ಕ್ ಹಾಕಿಸಬೇಕೇ, ಅಥವಾ ಮೊದಲು ಬೇರೇನಾದರೂ ನೋಡಿಸಬೇಕೇ?

ಉತ್ತರ 1

ಬ್ರೇಕ್ ಒತ್ತದೆಯೂ ಅದೇ ವೇಗದಲ್ಲಿ ನಡುಗುವುದಾದರೆ ವೀಲ್ ಬ್ಯಾಲೆನ್ಸಿಂಗ್ ಅಥವಾ ಟೈರನ್ನು ಅನುಮಾನಿಸಬೇಕಿತ್ತು. ನೀವು ಹೇಳುವ ಲಕ್ಷಣ ಬ್ರೇಕಿನದೇ. ನಡುಕ ಸ್ಟೀರಿಂಗಿನಲ್ಲಿ ತಿಳಿದರೆ ಸಾಮಾನ್ಯವಾಗಿ ಮುಂದಿನ ಡಿಸ್ಕ್‌ಗಳಲ್ಲಿ, ಸೀಟಿನಲ್ಲಿ ಹೆಚ್ಚಾಗಿ ತಿಳಿದರೆ ಹಿಂದಿನ ಡ್ರಮ್‌ಗಳಲ್ಲಿ ದೋಷವಿರುತ್ತದೆ. ಜೋರಾಗಿ ಒತ್ತಿದಾಗ ಮಾತ್ರ ಪೆಡಲ್ ಪಟಪಟನೆ ಕಾಲನ್ನು ತಳ್ಳಿದರೆ ಅದು ಎಬಿಎಸ್ (ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವ ರೀತಿ, ದೋಷವಲ್ಲ.

ಉತ್ತರ 2

ಹೊಸ ಡಿಸ್ಕ್ ಕೊಳ್ಳುವ ಮೊದಲು ದಯವಿಟ್ಟು ಹಬ್, ಅಂದರೆ ಡಿಸ್ಕ್ ಮತ್ತು ಚಕ್ರ ಕೂರುವ ನಡುಭಾಗವನ್ನು ನೋಡಿಸಿ. ಡಿಸ್ಕ್ ಬೆಂಡ್ ಆಗಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಡಿಸ್ಕ್ ಬಾಗಿರುವುದಿಲ್ಲ, ಅದರ ದಪ್ಪ ಸುತ್ತಲೂ ಒಂದೇ ಸಮನಾಗಿ ಉಳಿದಿರುವುದಿಲ್ಲ. ದಪ್ಪದಲ್ಲಿ ಒಂದು ಮಿಲಿಮೀಟರಿನ ನೂರರ ಒಂದೆರಡು ಪಾಲಿನಷ್ಟು ವ್ಯತ್ಯಾಸವಾದರೂ ವೇಗದಲ್ಲಿ ಕೈಗೆ ತಿಳಿಯುತ್ತದೆ.

ಈ ವ್ಯತ್ಯಾಸ ಹುಟ್ಟುವ ಬಗೆಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಹಬ್ಬಿನ ಮುಖದ ಮೇಲೆ ತುಕ್ಕಿನ ಪದರವಿದ್ದರೆ, ಅಥವಾ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್‌ನಿಂದ ವೀಲ್ ನಟ್‌ಗಳನ್ನು ಒಂದು ಬಿಗಿ ಒಂದು ಸಡಿಲ ಮಾಡಿ ತಿರುಗಿಸಿದ್ದರೆ, ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಆಗ ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿನಲ್ಲಿ ಅದೇ ಜಾಗ ಪ್ಯಾಡಿಗೆ (ಡಿಸ್ಕನ್ನು ಒತ್ತಿ ಹಿಡಿಯುವ ಬಿಲ್ಲೆ) ಸವರಿಕೊಂಡು ಹೋಗುತ್ತದೆ, ಆ ಜಾಗ ಮೆಲ್ಲನೆ ತೆಳುವಾಗುತ್ತದೆ, ಸಾವಿರಾರು ಕಿ.ಮೀ. ಕಳೆದ ಮೇಲೆ ನಡುಕ ಶುರುವಾಗುತ್ತದೆ. ಲೇತ್‌ನಿಂದ ದಪ್ಪ ಸಮವಾಯಿತೇ ಹೊರತು ಓರೆ ಹಾಗೆಯೇ ಉಳಿಯಿತು. ಇದನ್ನು ಸರಿಪಡಿಸದೆ ಹೊಸ ಡಿಸ್ಕ್ ಹಾಕಿದರೂ ಇದೇ ಗತಿ.

ಡಿಸ್ಕ್ ಬಿಚ್ಚಿಸಿ, ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿಸಿ. ಡಿಸ್ಕನ್ನು ಮತ್ತೆ ಕೂರಿಸಿ, ನಟ್‌ಗಳಿಂದ ಬಿಗಿದು, ಹೊರ ಅಂಚಿನ ಹತ್ತಿರ ಡಯಲ್ ಗೇಜ್ (ಸೂಕ್ಷ್ಮ ಓಲಾಟವನ್ನು ಮುಳ್ಳಿನಿಂದ ತೋರಿಸುವ ಮಾಪಕ) ಇಟ್ಟು ಒಂದು ಸುತ್ತು ತಿರುಗಿಸಲು ಹೇಳಿ. ಮುಳ್ಳಿನ ಒಟ್ಟು ಓಲಾಟ 0.05 ಮಿ.ಮೀ. ಒಳಗಿದ್ದರೆ ನಿಶ್ಚಿಂತೆ, ಕಂಪನಿಯ ಮಿತಿ ಕಾರಿನಿಂದ ಕಾರಿಗೆ ತುಸು ಬೇರೆಯಾಗಿರುತ್ತದೆ. ದಪ್ಪವನ್ನು ಮೈಕ್ರೋಮೀಟರಿನಿಂದ ಸುತ್ತಲೂ ಏಳೆಂಟು ಕಡೆ ಅಳೆಯಬೇಕು. ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳುವಾಗುವ ಡಿಸ್ಕನ್ನು ಮತ್ತೆ ಲೇತ್‌ಗೆ ಕೊಡಲೇಬಾರದು. ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರಿನ ಪಿನ್‌ಗಳು ಸರಾಗವಾಗಿ ಜಾರುತ್ತವೆಯೇ, ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮಿನ ಬುಷ್ (ರಬ್ಬರ್ ಕೀಲು) ಮತ್ತು ಬಾಲ್ ಜಾಯಿಂಟ್ ಗಟ್ಟಿಯಾಗಿವೆಯೇ ಎಂಬುದನ್ನೂ ಆಗಲೇ ನೋಡಿಸಿ, ಏಕೆಂದರೆ ಸವೆದ ಬುಷ್ ಸಣ್ಣ ನಡುಕವನ್ನು ದೊಡ್ಡದು ಮಾಡುತ್ತದೆ.

ಪ್ರಶ್ನೆ ಕೇಳಿದವರು

ವಿವರಕ್ಕೆ ಧನ್ಯವಾದಗಳು. ಟೈರ್ ಬದಲಿಸಿದಾಗ ಗಾಳಿ ಗನ್ ಬಳಸಿದ್ದು ನಿಜ. ನಾವು ಶಿರಾಡಿ ಘಾಟಿಯಲ್ಲಿ ಆಗಾಗ ಇಳಿಯುತ್ತೇವೆ. ಆ ಬಿಸಿಯೂ ಕಾರಣವಾಗಬಹುದೇ?

ಉತ್ತರ 3

ಆಗಬಹುದು. ಚೆನ್ನಾಗಿ ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿಹಿಡಿದು ಕಾರು ನಿಲ್ಲಿಸಿದರೆ ಪ್ಯಾಡಿನ ಪದಾರ್ಥ ಆ ಒಂದೇ ಜಾಗಕ್ಕೆ ಅಂಟಿಕೊಳ್ಳುತ್ತದೆ. ಓರೆಯಿಲ್ಲದ ಡಿಸ್ಕಿನಲ್ಲೂ ಇದರಿಂದ ನಡುಕ ಬರುತ್ತದೆ. ಘಾಟಿ ಇಳಿಯುವಾಗ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿದ್ದು ಎಂಜಿನ್ನೇ ವೇಗವನ್ನು ತಡೆಯುವಂತೆ ನೋಡಿಕೊಳ್ಳಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವ ಬದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಡಿ. ಕೆಳಗೆ ತಲುಪಿದ ಕೂಡಲೇ ನಿಲ್ಲಿಸದೆ ಸ್ವಲ್ಪ ದೂರ ಬ್ರೇಕ್ ಬಳಸದೆ ಓಡಿಸಿದರೆ ಗಾಳಿಗೆ ಡಿಸ್ಕ್ ತಣಿಯುತ್ತದೆ. ನಿಲ್ಲಲೇಬೇಕಾದರೆ ಸಮತಟ್ಟಾದ ಜಾಗ ನೋಡಿ, ಪೆಡಲ್ ಬಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ. ನಿಮ್ಮ ಕಾರಿನಲ್ಲಿ ಅದು ಹಿಂದಿನ ಡ್ರಮ್‌ಗಳನ್ನಷ್ಟೇ ಹಿಡಿಯುತ್ತದೆ.

ಹೊಸ ಪ್ಯಾಡ್ ಹಾಕಿಸಿದರೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಹದವಾಗಿ ಹಲವು ಬಾರಿ ವೇಗ ಇಳಿಸಿ ಪಳಗಿಸಿ. ಚಕ್ರ ಬಿಚ್ಚಿದಾಗಲೆಲ್ಲ ನಟ್‌ಗಳನ್ನು ಒಂದಕ್ಕೊಂದು ಎದುರಿನ ಕ್ರಮದಲ್ಲಿ, ಕೈಪಿಡಿಯಲ್ಲಿರುವ ಅಳತೆಗೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್‌ನಿಂದ ಬಿಗಿಸಿ. ಅಂಗಡಿಯವರು ಅವಸರ ಮಾಡಿದರೂ ಇದನ್ನು ಬಿಡಬೇಡಿ.